ಖಾಲಿ ಹೋದ ಬುಟ್ಟಿ

ಹಿರೋಳ್ಳಿ,
ಎಳ್ಳಮಾಸೆ ಮುಗಿದ ವಾರ, 1986

ಅಫಜಲಪುರದ ಅತ್ತಿಯವರಿಗೆ, ನಿಮ್ಮ ಸೊಸೆ ಶಿವಕಾಂತಾ ತವರುಮನೆಯಿಂದ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಮಾಡುವ ಶರಣು.

ಬಾಣಂತಿ ಕಾಗದ ಬರೆದರೆ ಕಣ್ಣು ಹೋಗುತ್ತವೆ ಎಂದು ಅವ್ವ ನನಗೆ ಪೆನ್ನು ಮುಟ್ಟಲು ಬಿಡುವುದಿಲ್ಲ. ಈಗ ಆಕೆ ಹಿತ್ತಲಲ್ಲಿ ಪಕ್ಕದ ಮನೆಯ ಮೆಹರಾಜ ಚಾಚಿಯ ಜೊತೆ ಶೇಂಗಾ ಒಡೆಯುತ್ತ ಕುಳಿತಿದ್ದಾಳೆ. ಅವರಿಬ್ಬರ ಮಾತಿನ ಸಪ್ಪಳ ಕೇಳುವವರೆಗೆ ನನಗೆ ಭಯವಿಲ್ಲ. ಗೋಡೆಗೆ ಮುಖ ಮಾಡಿ ಬರೆಯುತ್ತಿದ್ದೇನೆ. ಕೂಸಿಗೆ ಎರೆದು, ಲೋಬಾನದ ಹೊಗೆ ಹಾಕಿ, ಕುಂಚಿಗೆ ಕಟ್ಟಿ ನನ್ನ ತೊಡೆಯ ಮೇಲೆ ಮಲಗಿಸಿದ್ದಾರೆ. ಕೂಸು ಮಲಗಿದಾಗ ನೀನೂ ಮಲಗು ಎಂದು ಎಲ್ಲರೂ ಹೇಳುತ್ತಾರೆ. ಹೇಳಲು ಏನು, ನಿದ್ದೆ ಬರಬೇಕಲ್ಲ? ಕೂಸು ಅತ್ತರೆ ಯಾಕೆ ಅಳುತ್ತಿದೆ ಎಂಬ ಚಿಂತೆ, ಸುಮ್ಮನಿದ್ದರೆ ಯಾಕೆ ಸುಮ್ಮನಿದೆ ಎಂಬ ಚಿಂತೆ. ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ. ಉಸಿರಿದ್ದರೆ, ಇಷ್ಟು ಬಿರುಸಾಗಿ ಯಾಕೆ ಎನ್ನಿಸುತ್ತದೆ. ಗುಲಬರ್ಗಾದ ಕಾಲೇಜಿನಲ್ಲಿ ಮನಃಶಾಸ್ತ್ರ ಓದುವಾಗ ಶಿಶುವಿನ ಬೆಳವಣಿಗೆಯ ಪಾಠವನ್ನು ಬಾಯಿಪಾಠ ಮಾಡಿ ಫಸ್ಟ್ ಕ್ಲಾಸ್ ತಂದವಳು ನಾನು. ಆ ಪುಸ್ತಕದ ಶಿಶು ಒಂದು ಸಲವಾದರೂ ಬಿಕ್ಕಳಿಸಿದ್ದು ನನಗೆ ನೆನಪಿಲ್ಲ. ನಿಮ್ಮ ಮೊಮ್ಮಗಳು ಮಾತ್ರ ಬಿಕ್ಕಳಿಸುವುದೇ ತನ್ನ ಉದ್ಯೋಗ ಎಂದುಕೊಂಡಿದ್ದಾಳೆ.

ಆದರೆ ನಾನು ಬರೆಯುತ್ತಿರುವುದು ಬಿಕ್ಕಳಿಕೆಯ ಸುದ್ದಿಯನ್ನಲ್ಲ. ಅತ್ತಿ, ಇದಕ್ಕೆ ಇನ್ನೂ ಹೆಸರಿಲ್ಲ. ಹದಿಮೂರನೆಯ ದಿನಕ್ಕೆ ಆಗಬೇಕಾಗಿದ್ದ ತೊಟ್ಟಿಲ ಕಾರ್ಯ ಇವತ್ತಿಗೂ ಆಗಿಲ್ಲ. ಅಪ್ಪ ಇವಳನ್ನು ‘ಸಾಹೇಬ್ರು’ ಎನ್ನುತ್ತಾನೆ. ಚಾಚಿ ‘ಬಿಬ್ಬಿ’ ಎನ್ನುತ್ತಾಳೆ. ಅವ್ವನಿಗೆ ಇವಳು ‘ಹುಳ’. ಮೊನ್ನೆ ಮಠದಿಂದ ಸ್ವಾಮಿಗಳು ಬಂದು ಕೂಸಿಗೆ ಲಿಂಗ ಕಟ್ಟಿ, ಹಣೆಗೆ ವಿಭೂತಿ ಹಚ್ಚಿ, “ಹೆಸರ ಏನಿಟ್ಟೀರವ್ವಾ?” ಎಂದು ಕೇಳಿದರು. ಅವ್ವ ಅಪ್ಪನ ಮುಖ ನೋಡಿದಳು, ಅಪ್ಪ ಛತ್ತು ನೋಡಿದ. “ಇಡಾಕತ್ತೇವ್ರಿ ಅಜ್ಜಾರ,” ಎಂದು ಅವ್ವ ಹೇಳಿದಳು. ಹೆಸರು ಇಡುವುದು ಹೊಲ ಬಿತ್ತಿದ ಹಾಗೆ ವಾರಗಟ್ಟಲೆ ನಡೆಯುವ ಕೆಲಸವೇನೋ ಎಂಬಂತೆ! ಸ್ವಾಮಿಗಳು ನಕ್ಕು ಹೋದರು. ನಾನು ನಗಲಿಲ್ಲ. ಹೆಸರಿಲ್ಲದ ಕೂಸಿಗೆ ಜ್ವರ ಬಂದರೆ ಯಾವ ಹೆಸರು ಹಿಡಿದು ದೇವರಲ್ಲಿ ಕೇಳಿಕೊಳ್ಳಲಿ ಎಂದು ನನ್ನ ಹುಚ್ಚು ಮನಸ್ಸು ಯೋಚಿಸುತ್ತಿತ್ತು.

ಹೆಸರು ಕಿವಿಯಲ್ಲಿ ಹೇಳಬೇಕಾದವಳು ಸೋದರತ್ತೆ. ನಿಮ್ಮ ಮಗನಿಗೆ ಅಕ್ಕತಂಗಿಯರಿಲ್ಲ. ಆ ಜಾಗದಲ್ಲಿ ನಿಲ್ಲಬೇಕಾದವರು ನೀವು. ನೀವು ಬರುತ್ತಿಲ್ಲ. ಯಾಕೆ ಬರುತ್ತಿಲ್ಲ ಎಂಬುದು ಹಿರೋಳ್ಳಿಗೂ ಗೊತ್ತು, ಅಫಜಲಪುರಕ್ಕೂ ಗೊತ್ತು. ಒಂದು ಬುಟ್ಟಿಗಾಗಿ.

ಆ ದಿನದ ಮಾತನ್ನು ಒಮ್ಮೆಯಾದರೂ ನನ್ನ ಬಾಯಿಂದ ಕೇಳಿರಿ. ಬಯಕೆ ಬುತ್ತಿ ತಂದಿದ್ದಿರಿ ನೀವು. ನಿಮ್ಮ ತಾಯಿ ಸಿಂದಿ ಗರಿಯಿಂದ ಹೆಣೆದ, ಅಂಚಿಗೆ ಕೆಂಪು ಬಟ್ಟೆ ಸುತ್ತಿ ಹೊಲಿದ ಆ ದೊಡ್ಡ ಬುಟ್ಟಿ. ಅದರಲ್ಲಿ ಎಳ್ಳು ಹಚ್ಚಿದ ಸಜ್ಜೆಯ ಕಡಕ ರೊಟ್ಟಿ, ಶೇಂಗಾ ಹೋಳಿಗೆ, ಮಾದಲಿ, ಕರಚಿಕಾಯಿ, ಹಿಂಡಿಯಲ್ಲಿಯೇ ಐದು ನಮೂನೆ. ಬುತ್ತಿಯನ್ನು ಓಣಿಗೆಲ್ಲ ಹಂಚಿ, ಬುಟ್ಟಿ ತೊಳೆದು, ಮುಚ್ಚುವ ಬಟ್ಟೆಯನ್ನೂ ಅದರ ಮೇಲೆಯೇ ಒಣಹಾಕಿ, ಅವ್ವ ಬಿಸಿಲಿಗೆ ಕಟ್ಟೆಯ ಮೇಲಿಟ್ಟಳು. ತಿರುಗಿ ತುಂಬಿ ಕಳಿಸಬೇಕೆಂದು ಒಳಗೆ ಎಲ್ಲ ತೆಗೆದಿಟ್ಟಿದ್ದಳು: ಗೋದಿ, ಬೆಲ್ಲ, ಕೊಬ್ಬರಿ, ನಿಮಗೆಂದು ಇಳಕಲ್ ಸೀರೆ, ಕುಬಸದ ಖಣ. ನಾನು ಕಣ್ಣಾರೆ ಕಂಡಿದ್ದೇನೆ. ಸಂಜೆಯ ಬಸ್ಸಿನ ಹಾರನ್ ಕೇಳಿ ನೀವು “ಕಂಡಕ್ಟರ್‌ಗ ಹೇಳಿ ಬಸ್ ನಿಲ್ಲಸ್ತೇನಿ, ನೀವು ಬುಟ್ಟಿ ತರ್ರಿ,” ಎಂದು ಮುಂದೆ ಹೋದಿರಿ. ಆ ಹೊತ್ತಿಗೇ ಒಳಗೆ ನನಗೆ ನೋವು ಕಾಣಿಸಿತು. “ಯವ್ವಾ!” ಎಂದು ಕೂಗಿದೆ. ಅವ್ವ ಕೈಯಲ್ಲಿದ್ದುದನ್ನು ಬಿಟ್ಟು ನನ್ನ ಹತ್ತಿರ ಓಡಿಬಂದಳು. ಅಪ್ಪನಿಗೆ ಬಸ್ಸಿನ ಗಡಿಬಿಡಿ. ಕಟ್ಟೆಯ ಮೇಲೆ ಬಟ್ಟೆ ಹೊಚ್ಚಿದ್ದ ಬುಟ್ಟಿ ಕಂಡಿತು. ಬೀಗರ ಸಾಮಾನು ಎಂದು ಎರಡೂ ಕೈಯಲ್ಲಿ ಮರ್ಯಾದೆಯಿಂದ ಎತ್ತಿಕೊಂಡು ಓಡಿ, ಬಸ್ಸಿನ ಮೇಲೆ ಹಾಕಿಸಿ, ನಿಮಗೆ ಕೈ ಮುಗಿದು ಬಂದ. “ಹಗರ ಅನಸ್ಲಿಲ್ಲೇನ್ರಿ ನಿಮಗ?” ಎಂದು ಅವ್ವ ಆಮೇಲೆ ಕೇಳಿದರೆ, “ನಾ ಓಡೂ ಜೋರಿನ್ಯಾಗ ಎಲ್ಲಾ ಹಗರ ಅನಸ್ತು,” ಎಂದ. ನನ್ನ ನೋವು ಸುಳ್ಳು ನೋವಾಗಿತ್ತು, ಒಂದು ತಾಸಿಗೆ ನಿಂತಿತು. ಬುಟ್ಟಿ ಮಾತ್ರ ನಿಜವಾಗಿಯೂ ಖಾಲಿ ಹೋಗಿತ್ತು.

ಮುಂದಿನದನ್ನು ನಾನು ನೋಡಿಲ್ಲ, ನಿಮ್ಮ ಮಗ ಹೇಳಿದ್ದು. ಬಸ್ಸಿನಿಂದ ಬುಟ್ಟಿಯನ್ನು ಹಮಾಲ ಹೊತ್ತು ತಂದಿಟ್ಟನಂತೆ. ಬೀಗರು ಏನು ತುಂಬಿ ಕಳಿಸಿದ್ದಾರೆ ನೋಡೋಣ ಎಂದು ನಿಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಪಡಸಾಲೆಯಲ್ಲಿ ಕುಳಿತಿದ್ದರಂತೆ. ನೀವು ಎಲ್ಲರ ಮುಂದೆ ಬಟ್ಟೆ ಸರಿಸಿದಿರಂತೆ.

ಮರುದಿನವೇ ಅವ್ವ ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಕಳಿಸುವವಳಿದ್ದಳು. ನಾಳೆ ಕಳಿಸೋಣ, ನಾಡಿದ್ದು ಕಳಿಸೋಣ ಎನ್ನುವಷ್ಟರಲ್ಲಿ ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋದ ನಮ್ಮೂರ ಹೆಂಗಸರು ಮಾತು ತಂದರು. ಭೀಮೆಯ ಸಂಗಮದಲ್ಲಿ ಸ್ನಾನ ಮಾಡುವಾಗ ಅಫಜಲಪುರದವರು ಭೇಟಿಯಾಗಿದ್ದರಂತೆ. “ಆಳಂದ ಕಡಿ ಮಂದಿ ಕೊಡೂದು ಬರೇ ಬಾಯಿಲೆ,” ಎಂದು ನೀವು ಅಂದಿರಂತೆ. ನೀವು ಅಂದಿರೋ ಇಲ್ಲವೋ, ಗಾಣಗಾಪುರದಿಂದ ಹಿರೋಳ್ಳಿಗೆ ಬರುವ ಹಾದಿಯಲ್ಲಿ ಆ ಮಾತಿಗೆ ಎಷ್ಟು ಖಾರ ಬಿತ್ತೋ, ಶಿವನೇ ಬಲ್ಲ. ಅವ್ವ ಚೀಲ ಬಿಚ್ಚಿ ಗೋದಿಯನ್ನು ತಿರುಗಿ ಕಾಳಿನ ವಾಡೆಗೆ ಸುರಿದಳು. “ಮನಿ ತುಂಬೂ ಮಗಳ್ನ ಕೊಟ್ಟೇವಿ. ಇನ್ನ ಬುಟ್ಟಿ ತುಂಬಿಲ್ಲಂತ ಮಾರಿ ಉಬ್ಬಿಸ್ಕೊಂಡ್ರ ಯಾರೇನ್ ಮಾಡಬೇಕು?” ಎಂದಳು. ಈ ಮಾತು ಮುಂದಿನ ಅಮಾವಾಸ್ಯೆಗೆ ನಿಮ್ಮಲ್ಲಿಗೆ ಮುಟ್ಟಿತು. ಅದಕ್ಕೂ ಖಾರ ಬಿದ್ದಿರಬೇಕು.

ಕೂಸು ಹುಟ್ಟಿದ ಮೇಲೆ ನಿಮ್ಮ ಮಗ ಪ್ರತಿ ಶನಿವಾರ ಜೇವರ್ಗಿಯ ಶಾಲೆ ಮುಗಿಸಿ ಎರಡು ಬಸ್ಸು ಬದಲಿಸಿ ಇಲ್ಲಿಗೆ ಬರುತ್ತಾರೆ. ಅವರು ತರುವುದು ನಿಮ್ಮ ಒಂದೇ ಮಾತು: “ಬುಟ್ಟಿ ತುಂಬಿ ಬರ್ಲಿ, ನಾ ಬರ್ತೇನಿ.” ಒಯ್ಯುವುದು ಅವ್ವನ ಒಂದೇ ಮಾತು: “ಅವ್ರು ಬುಟ್ಟಿ ತಗೊಂಡ್ ಬರ್ಲಿ, ತುಂಬಿ ಕಳಸ್ತೇನಿ.” ಬುಟ್ಟಿ ನಿಮ್ಮಲ್ಲಿದೆ, ತುಂಬುವವರು ಇಲ್ಲಿದ್ದಾರೆ. ಬುಟ್ಟಿ ತಾನಾಗಿ ಬಸ್ಸು ಹತ್ತುವುದಿಲ್ಲ. “ಅರವತ್ತ್ ಹುಡುಗರ್ನ ಸಂಭಾಳಿಸ್ತೇನಿ ನಾ. ಈ ಇಬ್ಬರು ಹೆಣ್ಮಕ್ಕಳು ನನ್ನಿಂದ ಆಗೂದಿಲ್ಲ,” ಎಂದು ನಿಮ್ಮ ಮಗ ತಲೆ ಹಿಡಿದುಕೊಂಡು ಕೂರುತ್ತಾರೆ. ಸುಳ್ಳು ನೋವಿನ ವಿಷಯವನ್ನು ಅವರು ನಿಮಗೆ ಹೇಳಿದ್ದಾರೆ. ನೀವು ಕೇಳಿ, “ಹಂಗಾದ್ರ ಮರುದಿನ ಕಳಸಬೇಕಿತ್ತಲ್ಲ,” ಎಂದಿರಿ. ಸೆಡವು ಬಂದವರಿಗೆ ಕಾರಣ ಹೇಳಿದರೆ ಹೊಟ್ಟೆ ತುಂಬುವುದಿಲ್ಲ ಎಂಬುದನ್ನು ನಾನು ಆಗ ಕಲಿತೆ.

ಒಂದು ಮಜಾ ಹೇಳಲೇ? ನಮ್ಮ ಮನೆಯಲ್ಲಿ ನಿಮ್ಮ ಸಿಟ್ಟಿಗೆ ‘ಸೊಕ್ಕು’ ಎನ್ನುತ್ತಾರೆ, ಅವ್ವನ ಸಿಟ್ಟಿಗೆ ‘ಮರ್ಯಾದಿ’ ಎನ್ನುತ್ತಾರೆ. ನಿಮ್ಮ ಮನೆಯಲ್ಲಿ ಹೆಸರು ಅದಲುಬದಲಾಗಿರಬೇಕು. ಇಬ್ಬರೂ ಎದುರಾದರೆ ಮೊದಲ ಮಾತೇ ‘ಶರಣ್ರಿ’. ಶರಣು ಅನ್ನುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಶರಣು ಹೋಗುವುದು ಮಾತ್ರ ನಿಮ್ಮಿಬ್ಬರ ಮನೆತನದಲ್ಲೂ ಇಲ್ಲ! ನಮ್ಮ ಲಗ್ನದಲ್ಲಿ ನೀವು ಅವ್ವನ ರೊಟ್ಟಿ ಮುರಿದು, “ಆಳಂದ ಕಡಿ ರೊಟ್ಟಿ ಭಾಳ ಗಟ್ಟಿಮುಟ್ಟ ಇರ್ತಾವ ಬಿಡ್ರಿ,” ಎಂದಿರಿ, ನೆನಪಿದೆಯೇ? ನಿಮಗೆ ನೆನಪಿರಲಿಕ್ಕಿಲ್ಲ. ಅಂದಿನಿಂದ ಅವ್ವ ಬಡಿಯುವ ರೊಟ್ಟಿಯನ್ನು ಹಿಡಿದರೆ ಅದರಾಚೆ ಒಲೆಯ ಉರಿ ಕಾಣುತ್ತದೆ. ನನಗೂ ಅಪ್ಪನಿಗೂ ಹೊಟ್ಟೆ ತುಂಬಲು ಮೊದಲಿಗಿಂತ ಎರಡು ಹೆಚ್ಚು ಬೇಕಾಗುತ್ತವೆ. ಆಕೆ ಕಾರಣ ಹೇಳುವುದಿಲ್ಲ, ನಾವು ಕೇಳುವುದಿಲ್ಲ.

ಇಷ್ಟು ದಿನ ನಾನು ನಿಮ್ಮಿಬ್ಬರನ್ನೂ ನೋಡಿ ಒಳಗೊಳಗೆ ನಗುತ್ತಿದ್ದೆ. ಕಾಲೇಜು ಕಾಣದ ಹಳೆಯ ಕಾಲದವರು, ಬುಟ್ಟಿಗೆ ಜಗಳಾಡುತ್ತಾರೆ ಎಂದು. ಕಳೆದ ಶನಿವಾರ ನಿಮ್ಮ ಮಗ, “ನೀನರೆ ಒಂದು ಕಾಗದ ಬರಿ, ಅವ್ವ ನಿನ್ನ ಮಾತ ಕೇಳ್ತಾಳ,” ಎಂದರು. ನನ್ನ ಬಾಯಿಂದ ಥಟ್ಟನೆ ಬಂದದ್ದು: “ನಾ ಯಾಕ ಬರೀಲಿ? ಬಾಣಂತೀನ ಅವ್ರೇ ಕೇಳಬೇಕು.” ಅವರು ನಕ್ಕರು. “ಎರಡಿದ್ವು, ಈಗ ಮೂರಾದ್ವು,” ಎಂದರು.

ಅವತ್ತೇ ಅವರು ನನಗೆ ಇನ್ನೊಂದು ಮಾತು ಹೇಳಿದರು, ನೀವು ಯಾರಿಗೂ ಹೇಳದೆ ಇಟ್ಟುಕೊಂಡದ್ದು. ಅವರು ಸಣ್ಣವರಿದ್ದಾಗ ಮಾವನವರ ಅರಿವೆ ಅಂಗಡಿ ನಿಂತುಹೋದ ವರ್ಷ, ಮನೆಯಲ್ಲಿ ಕೆಲವು ದಿನ ಹಿಟ್ಟೇ ಇರುತ್ತಿರಲಿಲ್ಲವಂತೆ. ಆದರೂ ನೀವು ಹೊತ್ತಿಗೆ ಸರಿಯಾಗಿ ಒಲೆ ಹೊತ್ತಿಸಿ, ರೊಟ್ಟಿ ಬಡಿಯುವ ಮರದ ಕೊಣಮಿಗೆಯಲ್ಲಿ ಏನೂ ಇಲ್ಲದೆ, ಬರೀ ಅಂಗೈ ಹಾಕಿ ಪಟಪಟ ಬಡಿಯುತ್ತಿದ್ದಿರಂತೆ. ಓಣಿಗೆ ರೊಟ್ಟಿಯ ಸಪ್ಪಳ ಕೇಳಬೇಕು. ಇವರು ಒಲೆಯ ಮುಂದೆ ಕುಳಿತು ನಿಮ್ಮ ಖಾಲಿ ಕೈಯನ್ನೇ ನೋಡುತ್ತಿದ್ದರಂತೆ. “ಆ ಸಪ್ಪಳಕ್ಕ ನನಗ ಅರ್ಧ ಹೊಟ್ಟಿ ತುಂಬತಿತ್ತು,” ಎಂದರು.

ಅತ್ತಿ, ಇದನ್ನು ಕೇಳಿದ ಮೇಲೆ ನನಗೆ ನಗು ಬರುತ್ತಿಲ್ಲ. ಓಣಿಗೆ ಕಾಣಬಾರದೆಂದು ವರ್ಷಪೂರ್ತಿ ಮುಚ್ಚಿಟ್ಟ ಖಾಲಿಯನ್ನು ನಾವು ಬಟ್ಟೆ ಹೊಚ್ಚಿ, ಬಸ್ಸಿನ ಮೇಲೆ ಹಾಕಿ, ನಿಮ್ಮ ಪಡಸಾಲೆಗೇ ಕಳಿಸಿದೆವು. ನಿಮ್ಮದು ಸೊಕ್ಕೋ ಮರ್ಯಾದೆಯೋ ನಾನು ತೂಗಲಾರೆ. ಆದರೆ ಅದೇ ಹಮ್ಮು ಅಂದು ನಿಮ್ಮ ಮಗನನ್ನು ಸಾಕಿತು, ಇಂದು ಅವರ ಮಗಳನ್ನು ಹೆಸರಿಲ್ಲದೆ ಕೂರಿಸಿದೆ. ಬನ್ನಿ. ಬುಟ್ಟಿ ತನ್ನಿ, ತರಬೇಡಿ, ನೀವು ಬನ್ನಿ. ಹೆಸರಿಲ್ಲದ ಕೂಸನ್ನು ಎತ್ತಿಕೊಂಡು, ‘ಖಾಲಿ ಬುಟ್ಟಿ ಕಳಿಸಿದವರ ಮಗಳು’ ಎನ್ನಿಸಿಕೊಂಡು ನಿಮ್ಮ ಓಣಿಗೆ ನಾನು ಹೇಗೆ ಬರಲಿ?

ಅವ್ವ ಬಂದಳು. ನಿಲ್ಲಿಸುತ್ತೇನೆ.

ಮೇಲಿನದನ್ನು ಬರೆದು ದಿಂಬಿನ ಕೆಳಗೆ ಇಟ್ಟವಳು ಅಂಚೆಗೆ ಹಾಕಲಿಲ್ಲ. ಅಪ್ಪನ ಕೈಗೆ ಕೊಟ್ಟಿದ್ದರೆ ಸಾಕಾಗಿತ್ತು. ಕೊಡೋಣ ಎನ್ನಿಸಿದಾಗೆಲ್ಲ ‘ನಾನೇ ಯಾಕೆ ಮೊದಲು’ ಎನ್ನಿಸಿತು. ಇವಳೇನು ದೊಡ್ಡ ಬುದ್ಧಿ ಹೇಳುತ್ತಾಳೆ ಎಂದು ಈಗ ನೀವು ನಗಬಹುದು. ನಗಿರಿ. ಈಗ ನಗಲು ಅಡ್ಡಿಯಿಲ್ಲ. ಏಕೆಂದರೆ ಇದನ್ನು ಬರೆಯುತ್ತಿರುವಾಗ ನೀವು ನಮ್ಮ ಮನೆಯ ಪಡಸಾಲೆಯಲ್ಲಿಯೇ, ನನ್ನಿಂದ ನಾಲ್ಕು ಮಾರು ದೂರದಲ್ಲಿ, ಕಂಬಳಿಯ ಮೇಲೆ ಗೊರಕೆ ಹೊಡೆಯುತ್ತ ಮಲಗಿದ್ದೀರಿ!

ನೀವು ಇಲ್ಲಿಗೆ ಬಂದ ಹಾದಿ ಹೇಗೆ ಎಂಬುದು ನನಗೆ ಪೂರ್ತಿ ಗೊತ್ತು. ಗೊತ್ತು ಎಂಬುದು ನಿಮಗೆ ಗೊತ್ತಿಲ್ಲ. ಅದನ್ನೇ ಬರೆಯುತ್ತೇನೆ.

ಕಾಗದ ಕಳಿಸಲಾಗಲಿಲ್ಲ, ಆದರೆ ಆ ಖಾಲಿ ಕೊಣಮಿಗೆಯ ಮಾತನ್ನು ಅವ್ವನ ಮುಂದೆ ಹೇಳದೆ ಇರಲೂ ಆಗಲಿಲ್ಲ. ಆಕೆ ಮೆಂತ್ಯೆ ಸೋಸುತ್ತಿದ್ದಳು. ಕೇಳಿ, ಸೋಸಿದ ಸೊಪ್ಪನ್ನೇ ತಿರುಗಿ ಸೋಸತೊಡಗಿದಳು. “ಬರೇ ಕೊಣಮಿಗಿ ಬಡದ್ರ ಸಪ್ಪಳ ಬ್ಯಾರೆ ಬರ್ತದ. ಓಣ್ಯಾಗಿನ ಹೆಣ್ಮಕ್ಕಳಿಗೆಲ್ಲಾ ತಿಳದಿರ್ತದ,” ಎಂದಳು. ಮತ್ತೆ, “ತಿಳದೂ ಯಾರೂ ಅಂದಿರಾಕಿಲ್ಲ ಬಿಡು,” ಎಂದಳು. ಮರುದಿನ ಇಡೀ ದಿನ ಮನೆಯಲ್ಲಿ ಹೂರಣದ ವಾಸನೆ. ಅದರ ಮರುದಿನ ಬೆಳಿಗ್ಗೆ ತಲೆಗೆ ಸೆರಗು ಹೊದ್ದು, “ನಾ ಚಾಚೀ ಕೂಡ ಆಳಂದ ದರ್ಗಾಕ್ಕ ಹೋಗಿ ಬರ್ತೇನಿ, ಹುಳದ ಹೆಸರ್‍ಲೆ ಸಕ್ಕರಿ ಓದ್ಸಿಕೊಂಡ್,” ಎಂದಳು. ದರ್ಗಾದಲ್ಲಿ ಫಾತೇಹಾ ಓದಿಸಲು ಅಂಗೈಯಷ್ಟು ಸಕ್ಕರೆ ಸಾಕು. ಅವ್ವನ ತಲೆಯ ಮೇಲೆ ಒಂದು ಆಳು ಹೊರುವಷ್ಟು ದೊಡ್ಡ ಗಂಟಿತ್ತು. ನಾನು ಏನೂ ಕೇಳಲಿಲ್ಲ. ಈ ಮನೆಯಲ್ಲಿ ನಾವು ಹಾಗೆಲ್ಲ ಕೇಳುವುದಿಲ್ಲ ಎಂದು ಮೊದಲೇ ಬರೆದೆನಲ್ಲ.

ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಆದದ್ದನ್ನು ಚಾಚಿ ನನಗೆ ಆಡಿ ತೋರಿಸಿದ್ದಾಳೆ. ಒಮ್ಮೆ ಅವ್ವನಾಗಿ, ಒಮ್ಮೆ ನೀವಾಗಿ. ನಿಮ್ಮ ಹಾಗೆ ಕುತ್ತಿಗೆ ನೆಟ್ಟಗೆ ಮಾಡಿ ನಡೆದು ತೋರಿಸುವಾಗ ಆಕೆಯ ಸೊಂಟ ಹಿಡಿದುಕೊಂಡಿತು. ಇವರಿಬ್ಬರೂ ಅಫಜಲಪುರದ ಕಡೆ ಹೋಗುವ ಬಸ್ಸಿಗೆ ಕಾಯುತ್ತಿದ್ದರಂತೆ. ಆ ಕಡೆಯಿಂದ ಬಂದ ಬಸ್ಸು ನಿಂತಿತಂತೆ. ಇಳಿದವರು ನೀವು. ಬಗಲಲ್ಲಿ ಬುಟ್ಟಿ. ಖಾಲಿ ಬುಟ್ಟಿಗೂ ನೀವು ಬಟ್ಟೆ ಹೊಚ್ಚಿದ್ದಿರಿ.

“ಶರಣ್ರಿ ಬೀಗತಿಯವರ,” ಎಂದಳಂತೆ ಅವ್ವ. “ಈ ಕಡಿ ಎಲ್ಲಿ ಹೊಂಟ್ರಿ?”

“ಶರಣ್ರಿ,” ಎಂದಿರಂತೆ ನೀವು. “ಗಾಣಗಾಪುರಕ್ಕ ಹೊಂಟೇನ್ರಿ.”

ಅತ್ತಿ! ಗಾಣಗಾಪುರ ನಿಮ್ಮ ಊರ ಮಗ್ಗುಲಲ್ಲಿದೆ. ಅಲ್ಲಿಗೆ ಹೋಗಲು ಆಳಂದಕ್ಕೆ ಯಾರು ಬರುತ್ತಾರೆ? ಚಾಚಿ ಬಾಯಿಗೆ ಸೆರಗು ಒತ್ತಿಕೊಂಡಳಂತೆ. ಆದರೆ ಅವ್ವ ಮುಖ ಗಂಭೀರ ಮಾಡಿ, “ಛಲೋ ಆತು. ನಾವು ದರ್ಗಾಕ್ಕ ಹೊಂಟೇವ್ರಿ,” ಎಂದಳಂತೆ. ದರ್ಗಾ ಒಂದು ಕಡೆ, ಇವಳು ಮುಖ ಮಾಡಿ ನಿಂತಿದ್ದು ಇನ್ನೊಂದು ಕಡೆ. ಇಬ್ಬರೂ ಹಾಗೆಯೇ ನಿಂತಿರಂತೆ. ಬಸ್ಸು ಬಂದವು, ಹೋದವು. ಯಾರೂ ಯಾವುದನ್ನೂ ಹತ್ತಲಿಲ್ಲ.

ಆಮೇಲೆ ನೀವು, “ಗಂಟು ಭಾಳ ವಜ್ಜಿ ಕಾಣಸ್ತದ್ರಿ,” ಎಂದಿರಂತೆ.

“ಹೌದ್ರಿ,” ಎಂದಳಂತೆ ಅವ್ವ. “ನಿಮ್ಮ ಬುಟ್ಟಿ ಭಾಳ ಹಗರ ಕಾಣಸ್ತದ.”

ಚಾಚಿಗೆ ತಡೆಯಲಾಗಲಿಲ್ಲ. “ಯಾ ಅಲ್ಲಾ! ವಜ್ಜಿ ಇದ್ದಿದ್ದು ಹಗರ ಇದ್ದಿದ್ರಾಗ ಹಾಕ್ರಿ ನಮ್ಮವ್ವಗೋಳ್ರಾ, ಇಬ್ಬರಿಗೂ ಆರಾಮಾಗ್ತದ. ಇಲ್ಲಾಂದ್ರ ನಾ ದರ್ಗಾಕ್ಕೂ ಹೋಗ್ತೇನಿ, ಗಾಣಗಾಪುರಕ್ಕೂ ಹೋಗ್ತೇನಿ, ನೀವಿಬ್ಬರೂ ಇಲ್ಲೇ ಕಂಬಾಗಿ ನಿಲ್ರಿ!” ಎಂದಳಂತೆ.

ಮೊದಲು ನಕ್ಕವರು ಯಾರು? ಅವ್ವನನ್ನು ಕೇಳಿದರೆ “ಅವ್ರೇ ನಕ್ರು,” ಎನ್ನುತ್ತಾಳೆ. ನಿನ್ನೆ ನಿಮ್ಮನ್ನು ಕೇಳಿದರೆ, “ನಿಮ್ಮವ್ವ ನಕ್ಲು, ಮರ್ಯಾದಿಗೆ ನಾನೂ ನಕ್ಕೆ,” ಎಂದಿರಿ. ಅದೊಂದನ್ನು ಮಾತ್ರ ಇಬ್ಬರೂ ಬಿಟ್ಟುಕೊಡುವುದಿಲ್ಲ. ಇರಲಿ ಬಿಡಿ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಗಂಟು ಬಿಚ್ಚಿ, ಬುಟ್ಟಿ ತುಂಬಿ, ಅದನ್ನು ಇಬ್ಬರೂ ಒಂದೊಂದು ಕಡೆ ಹಿಡಿದುಕೊಂಡು ಹಿರೋಳ್ಳಿ ಬಸ್ಸು ಹತ್ತಿದಿರಂತೆ. ದರ್ಗಾದ ಸಕ್ಕರೆಯನ್ನು ಚಾಚಿ ಒಬ್ಬಳೇ ಹೋಗಿ ಓದಿಸಿಕೊಂಡು ಮುಂದಿನ ಬಸ್ಸಿಗೆ ಬಂದಳು. ಹೇಳಿದ ಮೇಲೆ ಮಾಡಲೇಬೇಕು ಎಂಬುದು ಆಕೆಯ ಹಮ್ಮು.

ನೀವು ಹೊಸಲು ದಾಟಿ ಒಳಗೆ ಬಂದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ನೀವು ಮೊದಲು ಕೂಸಿನ ಕಡೆ ಓಡುತ್ತೀರಿ ಎಂದುಕೊಂಡಿದ್ದೆ. ನೀವು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, “ಏನ್ ಮಾರಿ ಮಾಡ್ಕೊಂಡಿ ಬೇ ಇದು? ನಿದ್ದಿ ಮಾಡಲ್ಲಂತ ಹೇಳ್ದ ಆವ,” ಎಂದಿರಿ. ಅಷ್ಟೇ. ನಿಮ್ಮ ಮಗ ಆ ಶನಿವಾರ ಇಲ್ಲಿಂದ ಏನು ಮಾತು ಒಯ್ದಿದ್ದರು, ನೀವು ಯಾಕೆ ಬುಟ್ಟಿ ಎತ್ತಿಕೊಂಡು ಬಸ್ಸು ಹತ್ತಿದಿರಿ ಎಂಬುದು ಆಗ ನನಗೆ ತಿಳಿಯಿತು. ಬುಟ್ಟಿಗಾಗಿ ನಿಂತವರು ನಿದ್ದೆಗಾಗಿ ಹೊರಟಿದ್ದಿರಿ. ನಾನು ಅತ್ತದ್ದನ್ನು ಬಾಣಂತಿಯ ಮೈ ಸಡಿಲ ಎಂದು ಎಲ್ಲರೂ ಹೇಳಿದರು. ಹಾಗೆಯೇ ಇರಲಿ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವ್ವ ನಿಮ್ಮ ತಾಟಿಗೆ ರೊಟ್ಟಿ ಹಾಕಿ ಅಲ್ಲಿಯೇ ನಿಂತಳು. ಒಲೆಯಲ್ಲಿ ರೊಟ್ಟಿ ಕರಕಾಗುತ್ತಿತ್ತು, ಆದರೂ ಕದಲಲಿಲ್ಲ. ನೀವು ಒಂದು ತಿಂದಿರಿ, ಎರಡು ತಿಂದಿರಿ, ಮೂರನೆಯದನ್ನೂ ತಿಂದಿರಿ. ಆಮೇಲೆ, “ಇನ್ನೊಂದ್ ಹಾಕ್ರಿ,” ಎಂದಿರಿ. ಅವ್ವ ಒಲೆಯ ಕಡೆ ಹೋಗುವಾಗ ಅವಳ ನಡಿಗೆ ನೋಡಬೇಕಿತ್ತು ನೀವು! ಲಗ್ನದ ದಿನದಿಂದ ತಲೆಯ ಮೇಲೆ ಹೊತ್ತ ಕಲ್ಲನ್ನು ಯಾರೋ ಇಳಿಸಿಕೊಂಡ ಹಾಗೆ.

ಇನ್ನು ನಿನ್ನೆಯ ತೊಟ್ಟಿಲು. ಗುಗ್ಗರಿ ಕುದಿಸಿದ್ದು, ಓಣಿಯ ಹೆಣ್ಣುಮಕ್ಕಳು ಕೂಸನ್ನು ತೊಟ್ಟಿಲ ಕೆಳಗಿಂದ ಮೇಲಿಂದ ದಾಟಿಸಿ ಜೋಗುಳ ಹಾಡಿದ್ದು ನಿಮಗೆ ಗೊತ್ತೇ ಇದೆ. ನಾನು ಕಂಡದ್ದನ್ನು ಹೇಳುತ್ತೇನೆ. ಹೆಸರು ಹೇಳಲು ನೀವು ತೊಟ್ಟಿಲ ಮೇಲೆ ಬಗ್ಗಿದಿರಿ. ಅತ್ತಿ, ಮದುವೆಯಾಗಿ ಬಂದಾಗಿನಿಂದ ನಿಮ್ಮ ಬೆನ್ನು ಬಗ್ಗಿದ್ದನ್ನು ನಾನು ನೋಡಿರಲಿಲ್ಲ. ಕಸ ಗುಡಿಸುವಾಗಲೂ ನೆಟ್ಟಗೆ ಇರುತ್ತಿದ್ದಿರಿ, ಕಸವೇ ಎದ್ದು ನಿಮ್ಮ ಹತ್ತಿರ ಬರಬೇಕು ಎಂಬ ಹಾಗೆ. ಆ ಬೆನ್ನು ಹೆಬ್ಬೆರಳಿನಷ್ಟು ಕಿವಿಗಾಗಿ ಬಿಲ್ಲಿನ ಹಾಗೆ ಬಗ್ಗಿತು. ನೀವು “ಕುರ್‍ರ್” ಎಂದದ್ದೇ ತಡ, ಪದ್ಧತಿಯಂತೆ ಎಲ್ಲ ಹೆಣ್ಣುಮಕ್ಕಳೂ ನಿಮ್ಮ ಬೆನ್ನಿಗೆ ಗುದ್ದು ಹಾಕಿದರು. ಧಬಧಬ ಬಿದ್ದ ಗುದ್ದುಗಳಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ ಜೋರಾಗಿತ್ತು. ನೀವು ಹೊರಳಿಯೂ ನೋಡದೆ, ನಗುತ್ತಲೇ, “ಮನಸಿನ್ಯಾಗಿಂದೆಲ್ಲಾ ಹೊಡದ್ರೇನ್ರಿ ಬೀಗತಿಯವರ?” ಎಂದಿರಿ. “ಇನ್ನೊಂದ್ ಉಳದದ್ರಿ,” ಎಂದು ಅವ್ವ ಅದನ್ನೂ ಹಾಕಿದಳು. ನಮ್ಮ ಹಿರಿಯರು ಈ ಗುದ್ದಿನ ಪದ್ಧತಿಯನ್ನು ಯಾಕೆ ಮಾಡಿದರೋ ನನಗೆ ತಿಳಿಯದು. ಆದರೆ ಬೀಗರ ನಡುವೆ ಅದು ವರ್ಷಕ್ಕೊಮ್ಮೆಯಾದರೂ ಇರಬೇಕು.

ಆಮೇಲೆ ನೀವು ಎಲ್ಲರಿಗೂ ಕೇಳುವ ಹಾಗೆ ಹೆಸರು ಹೇಳಿದಿರಿ. “ಮಲ್ಕಮ್ಮ.”

ನನ್ನ ಮುಖವನ್ನು ನೀವು ನೋಡಿದ್ದಿರಿ, ಅಲ್ಲವೇ? ನೋಡಿಯೂ ನೋಡದ ಹಾಗೆ ಇದ್ದಿರಿ. ನಾನು ತಿಂಗಳುಗಟ್ಟಲೆ ಮನಸ್ಸಿನಲ್ಲಿ ಸಾಕಿಕೊಂಡಿದ್ದ ಹೆಸರು ‘ಸ್ಮಿತಾ’. ನಿಮ್ಮ ಮಗನಿಗೂ ಹೇಳಿ ಒಪ್ಪಿಸಿದ್ದೆ. ಈ ಕಾಲದಲ್ಲಿ ಮಲ್ಕಮ್ಮ ಎಂದು ಯಾರು ಇಡುತ್ತಾರೆ? ನನ್ನ ಕಾಲೇಜಿನ ಗೆಳತಿಯರು ಕೇಳಿದರೆ ಏನೆಂದಾರು? ಬಿ.ಎ. ಓದಿದವಳ ಮಗಳು! ಮೈಯೆಲ್ಲ ಉರಿದುಹೋಯಿತು ನನಗೆ. ಅಷ್ಟರಲ್ಲಿ ಅವ್ವನನ್ನು ನೋಡಿದೆ. ಮತ್ತೆ ಎತ್ತಿದ ಮುಷ್ಟಿ ಹಾಗೆಯೇ ಗಾಳಿಯಲ್ಲಿತ್ತು. ಮಲ್ಕಮ್ಮ ಅವ್ವನ ತಾಯಿ. ಅವ್ವ ಸಣ್ಣವಳಿದ್ದಾಗಲೇ ತೀರಿಕೊಂಡವಳು. ಆಕೆಯದು ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಬಸ್ಸಿನಲ್ಲಿ ಬರುವಾಗ “ನಿಮ್ಮ ತಾಯಿ ಹೆಸರೇನ್ರಿ?” ಎಂದು ನೀವು ಸುಮ್ಮನೆ ಮಾತಿಗೆ ಕೇಳಿದಿರಿ ಎಂದುಕೊಂಡಿದ್ದಳಂತೆ. ನಿಮ್ಮ ಮನೆತನದಲ್ಲಿ ಇಡಬಹುದಾದ ಹಿರಿಯರ ಹೆಸರು ಎಷ್ಟಿಲ್ಲ? ಅದನ್ನೆಲ್ಲ ಬಿಟ್ಟು, ಖಾಲಿ ಬುಟ್ಟಿ ಕಳಿಸಿದವಳ ತಾಯಿಯನ್ನು ನೀವು ತೊಟ್ಟಿಲಲ್ಲಿ ಮಲಗಿಸಿದಿರಿ. ಅವ್ವ ಮುಷ್ಟಿ ಬಿಚ್ಚಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ನನ್ನ ಉರಿ ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ಸಂಜೆಗೆ ನೀವು, “ಸಾಲ್ಯಾಗ ನಿನ್ನ ಮನಸಿಗೆ ಬಂದಿದ್ದ ಬರಸು, ತೊಟ್ಟಲದಾಗ ಅಷ್ಟೇ ಮಲ್ಕಮ್ಮ,” ಎಂದಿರಿ. ಬೇಡ ಅತ್ತಿ. ಶಾಲೆಯಲ್ಲಿಯೂ ಮಲ್ಕಮ್ಮ ಎಂದೇ ಬರೆಸುತ್ತೇನೆ. ಸ್ಮಿತಾ ಎಂಬ ಹೆಸರು ವ್ಯರ್ಥವಾಗಿಲ್ಲ, ಚಾಚಿಯ ಆಡು ಮೊನ್ನೆ ಹಾಕಿದ ಮರಿಗೆ ಕೊಟ್ಟಿದ್ದೇನೆ. “ಇಸ್ಮಿತಾ, ಇಸ್ಮಿತಾ,” ಎಂದು ಬೆಳಿಗ್ಗೆ ಆಕೆ ಕರೆದರೆ ಮರಿ ಆಗಲೇ ಓಡಿಬಂತು. ನನ್ನ ಮಗಳಿಗಿಂತ ಅದಕ್ಕೇ ಒಪ್ಪುತ್ತದೆ.

ಇಷ್ಟೆಲ್ಲ ಆದ ಮೇಲೆ ನನ್ನ ತಲೆಯಲ್ಲಿ ಒಂದೇ ಯೋಚನೆ. ಈ ಕೂಸಿಗೆ ನಿಮ್ಮಿಬ್ಬರ ರಕ್ತವೂ ಇದೆ, ನನ್ನದೂ ಇದೆ. ಎಂಥ ಹಮ್ಮಿನ ಹೆಣ್ಣಾದೀತು ಇದು! ಮೊದಲಾಗಿದ್ದರೆ ಇದಕ್ಕೂ ನಿದ್ದೆ ಬಿಡುತ್ತಿದ್ದೆ. ಆದರೆ ರೊಟ್ಟಿಯ ಹಿಟ್ಟಿಗೆ ಜಿಗಿ ಬೇಕೆಂದು ನನಗೆ ಕಲಿಸಿದವರು ನೀವೇ ಅಲ್ಲವೇ? ಜಿಗಿ ಇಲ್ಲದ ಹಿಟ್ಟು ಬಡಿಯುವಾಗಲೇ ಬಿರಿಯುತ್ತದೆ, ಜಿಗಿ ಹೆಚ್ಚಾದರೆ ಕೈ ಬಿಡುವುದಿಲ್ಲ. ಇವಳಿಗೂ ಸ್ವಲ್ಪ ಇರಲಿ. ಖಾಲಿ ಕೊಣಮಿಗೆ ಬಡಿಯುವ ದಿನ ಬಂದರೆ ಕೈ ನಡುಗದಷ್ಟು. ತೊಟ್ಟಿಲ ಮುಂದೆ ಬಗ್ಗುವ ದಿನ ಬಂದರೆ ಬೆನ್ನು ಮುರಿಯದಷ್ಟು.

ಕೊನೆಯದೊಂದು. ರಾತ್ರಿ ತೊಟ್ಟಿಲಲ್ಲಿ ಕೂಸು ಕಿರಿಕಿರಿ ಮಾಡಿದಾಗ ನೀವು ಬುಟ್ಟಿಯನ್ನು ಬರಿದು ಮಾಡಿ, ನಿಮ್ಮ ಹಳೆಯ ಸೀರೆ ಹಾಸಿ, ಅದರಲ್ಲಿ ಮಲಗಿಸಿಕೊಂಡಿರಿ. ಸಿಂದಿ ಗರಿಯ ವಾಸನೆಗೋ ಏನೋ, ಒಂದು ಬಿಕ್ಕಳಿಕೆಯೂ ಇಲ್ಲದೆ ಮಲಗಿತು. “ನಾ ಕುಂತಿರ್ತೇನಿ. ನೀ ಮಕ್ಕೋ. ಉಸುರು ನಾ ನೋಡ್ತೇನಿ,” ಎಂದಿರಿ. ಕೂಸು ಹುಟ್ಟಿದ ಮೇಲೆ ಮೊದಲ ಸಲ ನಾನು ಸತ್ತವಳ ಹಾಗೆ ಮಲಗಿದೆ. ಬಿಸಿಲು ಮೈಮೇಲೆ ಬಂದಾಗ ಎಚ್ಚರವಾಯಿತು. ನೋಡಿದರೆ ಬುಟ್ಟಿಯ ಆ ಕಡೆ ನೀವು, ಈ ಕಡೆ ಅವ್ವ, ಇಬ್ಬರೂ ಕುಳಿತಲ್ಲಿಯೇ ತೂಕಡಿಸುತ್ತಿದ್ದಿರಿ. ಇಬ್ಬರ ಬೆರಳೂ ಮಲ್ಕಮ್ಮನ ಮೂಗಿನ ಹತ್ತಿರವೇ ಇದ್ದವು. ಆಗ ತಿಳಿಯಿತು, ಈ ಹುಚ್ಚು ನನ್ನೊಬ್ಬಳದಲ್ಲ.

ಅದಕ್ಕೇ ಈ ಮಧ್ಯಾಹ್ನ ನಿಮಗೆ ಈ ಗೊರಕೆ. ನಾಳೆ ಬೆಳಗಿನ ಬಸ್ಸಿಗೆ ನೀವು ಹೊರಡುತ್ತೀರಿ. ಅವ್ವ ಬುಟ್ಟಿ ತುಂಬುತ್ತಿದ್ದಾಳೆ. ಸಂಕ್ರಾಂತಿಯ ಎಳ್ಳುಬೆಲ್ಲ, ರೊಟ್ಟಿ, ಹೋಳಿಗೆ, ಆ ಇಳಕಲ್ ಸೀರೆ. ಮುಚ್ಚಲು ಬಟ್ಟೆ ಸಾಲುತ್ತಿಲ್ಲ. ಬಸ್ಸಿನವರೆಗೆ ಬುಟ್ಟಿಯನ್ನು ಅಪ್ಪನ ಕೈಗೆ ಕೊಡುವುದಿಲ್ಲವಂತೆ. ಎಲ್ಲಕ್ಕಿಂತ ಕೆಳಗೆ, ತಳದಲ್ಲಿ, ನಾನು ಈ ಕಾಗದವನ್ನು ಮಡಚಿ ತೂರಿಸುತ್ತೇನೆ. ಊರು ಮುಟ್ಟಿದ ಮೇಲೆ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕರೆಯಿರಿ. ಪಡಸಾಲೆಯಲ್ಲಿ ಕೂರಿಸಿ, ಅವಸರ ಮಾಡದೆ, ಒಂದೊಂದನ್ನೇ ತೆಗೆದು ತೋರಿಸಿರಿ. ಎಲ್ಲರೂ ಹೋದ ಮೇಲೆ, ಬುಟ್ಟಿ ಖಾಲಿಯಾದ ಮೇಲೆ, ಇದನ್ನು ಓದಿರಿ.

ಓದಿ ಅವ್ವನಿಗೆ ಮಾತ್ರ ಏನೂ ಹೇಳಬೇಡಿರಿ. ಆಕೆ ಅವತ್ತು ದರ್ಗಾಕ್ಕೆ ಹೊರಟಿದ್ದಳು. ನೀವು ಗಾಣಗಾಪುರಕ್ಕೆ ಹೊರಟಿದ್ದಿರಿ. ಹಾಗೆಯೇ ಇರಲಿ.

ನಿಮ್ಮ ಕುತ್ತಿಗೆ ಸದಾ ನೆಟ್ಟಗಿರಲಿ, ನಿಮ್ಮ ಒಲೆಯ ಮುಂದೆ ಎಂದೆಂದೂ ಹಿಟ್ಟಿನ ಕೈಯ ಸಪ್ಪಳವೇ ಕೇಳಲಿ ಎಂದು ಬೇಡಿಕೊಳ್ಳುವ,

ನಿಮ್ಮ ಸೊಸೆ,
ಮಲ್ಕಮ್ಮನ ತಾಯಿ ಶಿವಕಾಂತಾ